ಎಂಬತ್ತೇಳರಲ್ಲಿ ಒಂದು ಪಾಲು

ರೈಲ್ವೆ ಗೇಟು ಬಿದ್ದಾಗ ಗೂಡ್ಸ್ ಗಾಡಿಯ ಡಬ್ಬಿ ಎಣಿಸದವರು ನಮ್ಮಲ್ಲಿ ಯಾರೂ ಇಲ್ಲ. ಎಣಿಕೆಯನ್ನು ಸರಿಯಾಗಿ ಮುಗಿಸಿದವರೂ ಇಲ್ಲ. ನಲವತ್ತರ ಹೊತ್ತಿಗೆ ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಇಲ್ಲವೇ ಹೆಂಡತಿ "ಗ್ಯಾಸ್ ಆಫ್ ಮಾಡಿದ್ರಾ?" ಎಂದು ಕೇಳುತ್ತಾಳೆ. ಲೆಕ್ಕ ಅಲ್ಲಿಗೆ ಮುಗಿಯಿತು. ಆಮೇಲೆ ಅವರವರ ಧಾರಾಳಕ್ಕೆ ತಕ್ಕ ಹಾಗೆ ಐವತ್ತು, ಎಂಬತ್ತು, ನೂರು ಎಂದುಕೊಂಡು ಗೇಟು ದಾಟುತ್ತೇವೆ. ಸರಿಯುತ್ತರ ಬೇಕಾದವರಿಗೆ ಹೇಳುತ್ತೇನೆ: ಮೇಲೆ ಸೂರಿಲ್ಲದ, ಗೋಡೆ ಎತ್ತರದ ಡಬ್ಬಿಗಳ ಸಾಲಾಗಿದ್ದರೆ ಸಾಮಾನ್ಯವಾಗಿ 58, ಕೊನೆಗೊಂದು ಬ್ರೇಕ್ ವ್ಯಾನು. ಆ ಡಬ್ಬಿಗೆ ರೈಲ್ವೆಯವರು ಇಟ್ಟ ಹೆಸರು ಬಾಕ್ಸ್‌ಎನ್. ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣಕಲ್ಲು, ಮಳೆಗೆ ನೆನೆದರೂ ಗೊಣಗದ ಸರಕೆಲ್ಲ ಅದರ ಪಾಲು. ಇಷ್ಟು ತಿಳಿದುಕೊಂಡು ಸುಮ್ಮನಿದ್ದಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥ ನಿವೃತ್ತ ಬ್ಯಾಂಕ್ ನೌಕರನಾಗಿ ಉಳಿದಿರುತ್ತಿದ್ದೆ.

ಶನಿ ಜರ್ಮನಿಯ ಕಡೆಯಿಂದ ಬಂತು. ಅಲ್ಲಿ ನೆಲೆಸಿರುವ ಮಗಳು ರಜೆಗೆ ಬರುವಾಗ ತನ್ನ ಅಣ್ಣನ ಮಗನಿಗೆಂದು ಒಂದು ರೈಲಿನ ಸೆಟ್ ತಂದಳು. ಒಂದು ಎಂಜಿನ್ನು, ಜರ್ಮನ್ ಅಕ್ಷರ ಹೊತ್ತ ಕೆಲವು ವ್ಯಾಗನ್ನು, ಕೋಳಿಮೊಟ್ಟೆಯಾಕಾರದ ಹಳಿ. ಆಟದ ರೈಲಿನ ಲೋಕದಲ್ಲಿ ಎಚ್‌ಒ ಎನ್ನುವ ಅಳತೆ ಇದು. ನಿಜವಾದ ರೈಲಿನಲ್ಲಿ ಏನೇನಿದೆಯೋ ಅದೆಲ್ಲ ಇಲ್ಲಿ 87ರಲ್ಲಿ ಒಂದು ಪಾಲು. ಮೊಮ್ಮಗ ಮುಟ್ಟಿದರೆ ಹಾಳು ಮಾಡುತ್ತಾನೆಂಬ ಕಾಳಜಿಯಿಂದ ನಾನೇ ಮುಟ್ಟತೊಡಗಿದೆ. ಮುಟ್ಟುತ್ತ ಮುಟ್ಟುತ್ತ ಒಂದು ಕೊರಗು ಹತ್ತಿತು. ಜರ್ಮನಿಯ ವ್ಯಾಗನ್ನು ನಮ್ಮ ಮನೆಯ ಹಾಲಿನಲ್ಲಿ ಓಡಿದರೆ ಏನು ಬಂತು? ಬಳ್ಳಾರಿ ಕಡೆಯ ಅದಿರು ಹೊತ್ತ ಬಾಕ್ಸ್‌ಎನ್ ಓಡಬೇಡವೇ? ಅಂಗಡಿಯಲ್ಲಿ ಹುಡುಕುವ ಬದಲು ಕೈಯಾರೆ ಮಾಡಿದರೆ ಖರ್ಚು ಉಳಿಯುತ್ತದೆ ಎಂದು ನನ್ನೊಳಗಿನ ಬ್ಯಾಂಕಿನವನು ಹೇಳಿದ. ಬೇರೆಯವರ ಸಾಲದ ಅರ್ಜಿಯಲ್ಲಿ ಇಂಥದೇ ವಾಕ್ಯ ಕಂಡಾಗ ಆತ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ.

ಮೊದಲು ಲೆಕ್ಕ. ನಿಜವಾದ ಬಾಕ್ಸ್‌ಎನ್ ಈ ತುದಿಯ ಕಪ್ಲಿಂಗ್‌ನಿಂದ ಆ ತುದಿಯ ಕಪ್ಲಿಂಗ್‌ವರೆಗೆ 10.713 ಮೀಟರ್. 87ರಿಂದ ಭಾಗಿಸಿದರೆ 123 ಮಿಲಿಮೀಟರ್. ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 87ರಿಂದ ಮೂರು ಸಲ ಭಾಗಿಸಬೇಕು. ಅಂದರೆ 6,58,503ರಲ್ಲಿ ಒಂದು ಪಾಲು. ಖಾಲಿ ವ್ಯಾಗನ್ನಿನ ತೂಕ 22.47 ಟನ್, ಅದರ ಹೊರೆ ಮೂಲ ಲೆಕ್ಕದಲ್ಲಿ 58.81 ಟನ್, ಕೂಡಿದರೆ 81.28. ಭಾಗಿಸಿ ನೋಡಿದರೆ 123 ಗ್ರಾಂ! ಉದ್ದವೂ 123, ತೂಕವೂ 123. ಮೂವತ್ತಾರು ಗುಣಗಳಲ್ಲಿ ಮೂವತ್ತಾರೂ ಕೂಡಿದ ಜಾತಕ ಕಂಡಂತಾಯಿತು. ನೋಟ್‌ಬುಕ್ಕಿನಲ್ಲಿ ಬರೆದು, ಎರಡು ಸಲ ಗೆರೆ ಎಳೆದು, ಹೆಂಡತಿಗೆ ತೋರಿಸಿದೆ. ಅವಳು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ರೈಲು ನೋಡಿ ರೋಮಾಂಚನಗೊಳ್ಳುವ ವಯಸ್ಸನ್ನು ಐದಕ್ಕೇ ದಾಟಿದವಳು. "ಊಟದ ಟೇಬಲ್ ಖಾಲಿ ಮಾಡಿ" ಎಂದಳು.

ಗೋಡೆಗೆ ರಟ್ಟು ಬೇಕಿತ್ತು. ಈಗಿನ ಲಗ್ನಪತ್ರಿಕೆಗಳಷ್ಟು ಗಟ್ಟಿಯಾದ ರಟ್ಟು ಬೇರೆಲ್ಲೂ ಸಿಗುವುದಿಲ್ಲ. ನೆಂಟರ ಪೈಕಿ ಒಬ್ಬರ ಮಗನ ಮದುವೆ ಪತ್ರಿಕೆಯನ್ನು ಕತ್ತರಿಸಿ, ಮಡಚಿ, ಅಂಟಿಸಿದೆ. ಹೊರಗೆ ಸೊಗಸಾಯಿತು. ಒಳಗೆ ಇಣುಕಿದವರಿಗೆ ಮಾತ್ರ ಪಕ್ಕದ ಗೋಡೆಯ ಮೇಲೆ "ಆಶೀರ್ವಾದವೇ ಉಡುಗೊರೆ" ಎಂಬ ಬಂಗಾರದ ಅಕ್ಷರ ಕಾಣುತ್ತಿತ್ತು. ಅದಿರು ತುಂಬಿದರೆ ಮುಚ್ಚಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಗಾಲಿಯ ಪ್ರಶ್ನೆ ಬಂತು. ನಿಜವಾದದ್ದರ ವ್ಯಾಸ ಒಂದು ಮೀಟರ್. ನನಗೆ ಬೇಕಾದದ್ದು ಹನ್ನೊಂದೂವರೆ ಮಿಲಿಮೀಟರ್. ಮನೆಯಲ್ಲಿ ಆ ಅಳತೆಯ ದುಂಡನೆಯ ವಸ್ತು ಏನಿದೆ ಎಂದು ಸ್ಕೇಲು ಹಿಡಿದು ತಿರುಗಿದೆ. ನನ್ನ ಎದೆಯ ಮೇಲೆಯೇ ಇತ್ತು. ಅಂಗಿಯ ಗುಂಡಿ! ಒಂದು ವ್ಯಾಗನ್ನಿಗೆ ಎಂಟು ಗಾಲಿ. ಬೀರುವಿನಲ್ಲಿದ್ದ ಬಿಳಿ ಅಂಗಿಯೊಂದು ತ್ಯಾಗ ಮಾಡಿತು. ಮರುವಾರ ಗೃಹಪ್ರವೇಶಕ್ಕೆ ಹೊರಟಾಗ ಅದೇ ಅಂಗಿ ಕೈಗೆ ಬಂತು; ನಾನು ಇಡೀ ಸಮಾರಂಭದಲ್ಲಿ ಎರಡೂ ಕೈ ಎದೆಗೆ ಕಟ್ಟಿಕೊಂಡು ನಿಂತಿದ್ದೆ. ಮನೆಯವರು ನನ್ನ ವಿನಯ ಮೆಚ್ಚಿ ಎರಡು ಸಲ ಹೋಳಿಗೆ ಬಡಿಸಿದರು.

ಗುಂಡಿಯ ಗಾಲಿ ನೇರ ಹಳಿಯ ಮೇಲೂ ನಿಲ್ಲಲಿಲ್ಲ. ತಿರುವಿನ ಮಾತು ಬೇಡವೇ ಬೇಡ. ಯಲಹಂಕದ ರೈಲು ಗಾಲಿ ಕಾರ್ಖಾನೆ ನಮ್ಮ ಮನೆಯಿಂದ ಬಹಳ ದೂರವೇನಲ್ಲ. 1984ರಿಂದ ಅಲ್ಲಿ ಗುಜರಿ ಉಕ್ಕನ್ನೂ ಸವೆದ ಗಾಲಿಗಳನ್ನೂ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿನೊಳಗೆ ಒತ್ತಡದಿಂದ ಏರಿಸಿ ಹೊಸ ಗಾಲಿ ಎರಕ ಹೊಯ್ಯುತ್ತಿದ್ದಾರೆ. ಅವರು ಇಷ್ಟು ಕಷ್ಟಪಡುವುದಕ್ಕೆ ಕಾರಣ ಇದೆ ಎಂದು ನನಗೆ ಹೊಳೆಯಬೇಕಿತ್ತು. ರೈಲಿನ ಗಾಲಿಗೆ ಒಳಬದಿಯಲ್ಲಿ ಒಂದು ಎದ್ದ ಅಂಚು ಇರುತ್ತದೆ, ಅದಕ್ಕೆ ಫ್ಲಾಂಜ್ ಎನ್ನುತ್ತಾರೆ. ಹಳಿಯ ಮೇಲೆ ಉರುಳುವ ಮೈಯೂ ಚಪ್ಪಟೆಯಲ್ಲ. ಇಪ್ಪತ್ತಕ್ಕೆ ಒಂದರ ಓರೆಯಲ್ಲಿ ಹೊರಕ್ಕೆ ಇಳಿಯುತ್ತದೆ. ಎಡಬಲದ ಎರಡು ಗಾಲಿಯೂ ಒಂದೇ ಆಕ್ಸಲ್ಲಿಗೆ ಬಿಗಿದುಕೊಂಡು ಒಟ್ಟಿಗೆ ತಿರುಗುತ್ತವೆ. ಗಾಡಿ ಒಂದು ಪಕ್ಕಕ್ಕೆ ಸರಿದರೆ ಆ ಕಡೆಯ ಗಾಲಿ ತನ್ನ ದಪ್ಪ ಭಾಗದ ಮೇಲೆ ಉರುಳಿ, ಗಾಡಿಯನ್ನು ತಾನಾಗಿ ನಡುವಿಗೆ ತರುತ್ತದೆ. ಅಂಗಿಯ ಗುಂಡಿಗೆ ಇರುವುದು ದಾರ ಪೋಣಿಸುವ ನಾಲ್ಕು ತೂತು ಮಾತ್ರ.

ಸೋತು ಸಿದ್ಧ ಗಾಲಿಗಳನ್ನು ತರಿಸಿದೆ. ಅವು ಹಳಿಯ ಮೇಲೆ ಚೆನ್ನಾಗಿ ಕೂತವು. ಚೆನ್ನಾಗಿ ಕೂತದ್ದನ್ನು ಅಳೆದು ನೋಡುವ ಚಟ ಇಲ್ಲದಿದ್ದರೆ ಅಂದೇ ಸುಖವಾಗಿ ಮಲಗಬಹುದಿತ್ತು. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 87ರಿಂದ ಗುಣಿಸಿದರೆ 1435, ಯುರೋಪಿನ ಸ್ಟ್ಯಾಂಡರ್ಡ್ ಗೇಜು. ನಮ್ಮ ಬ್ರಾಡ್‌ಗೇಜು 1676. ಬಾಕ್ಸ್‌ಎನ್ ಕೆಳಗೆ ಇರಬೇಕಾದದ್ದು 19.3 ಮಿಲಿಮೀಟರ್. ಸ್ಟ್ಯಾಂಡರ್ಡ್ ಗೇಜು ಬೆಂಗಳೂರಿನಲ್ಲಿ ಎಲ್ಲಿದೆ? ನಮ್ಮ ಮೆಟ್ರೋದಲ್ಲಿ! ಎಂದರೆ ನಾನು ಇಷ್ಟೆಲ್ಲ ಶ್ರದ್ಧೆಯಿಂದ ಕಟ್ಟಿ, ಬಳ್ಳಾರಿಯ ಅದಿರಿನ ಗಾಡಿಯನ್ನು ಮೆಟ್ರೋ ಹಳಿಯ ಮೇಲೆ ಏರಿಸಿದ್ದೆ.

"ಎರಡು ಚಿಲ್ಲರೆ ಮಿಲಿಮೀಟರ್ ಕಡಿಮೆಯಾದ್ರೆ ಯಾರ ಗಂಟು ಹೋಗುತ್ತೆ?" ಎಂದಳು ಹೆಂಡತಿ.

"ನಿಜವಾದ ಲೆಕ್ಕದಲ್ಲಿ ಇಪ್ಪತ್ನಾಲ್ಕು ಸೆಂಟಿಮೀಟರ್ ಕಣೇ!"

"ನಿಜವಾದ ಲೆಕ್ಕದಲ್ಲಿ ಇದು ಊಟದ ಟೇಬಲ್ಲು. ನಾಳೆಯಿಂದ ಡಿಮರೇಜ್ ಹಾಕ್ತೀನಿ."

ಸರಕು ಇಳಿಸಲು ಕೊಟ್ಟ ಹೊತ್ತು ಮೀರಿ ವ್ಯಾಗನ್ನನ್ನು ತಡೆದಿಟ್ಟುಕೊಂಡರೆ ರೈಲ್ವೆ ವಿಧಿಸುವ ದಂಡಕ್ಕೆ ಡಿಮರೇಜ್ ಎಂದು ಹೆಸರು. ರೈಲ್ವೆ ಮನೆತನದ ಹೆಣ್ಣು. ತಮಾಷೆಗೆ ಹೇಳಿದಳು ಎಂದುಕೊಂಡೆ.

ಬಣ್ಣ ಬಾಕಿಯಿತ್ತು. ಕಂದು ಬಣ್ಣ ಎಂದರೆ ಯಾವ ಕಂದು? ಹಾರ್ಡ್‌ವೇರ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಕಂದು ಎನ್ನುವುದೇ ಒಂದು ಪುಟ. ಹೊಸಪೇಟೆ ಕಡೆ ಮದುವೆಯೊಂದಕ್ಕೆ ಹೋಗುವುದಿತ್ತು; ಕಾರ್ಡನ್ನು ಜೇಬಿಗೆ ಹಾಕಿಕೊಂಡೆ. ಅಲ್ಲಿನ ಒಂದು ಸಣ್ಣ ಸ್ಟೇಷನ್ನಿನ ಪಕ್ಕದ ಲೈನಿನಲ್ಲಿ ಬಾಕ್ಸ್‌ಎನ್‌ಗಳ ಇಡೀ ಸಾಲು, ಎಂದರೆ ರೇಕು, ನಿಂತಿತ್ತು. ಗೋಡೆಯಂಚು ಮೀರಿ ಅದಿರಿನ ಚೂರೂ ಕಾಣಲಿಲ್ಲ. ಖಾಲಿ ಗಾಡಿ, ಯಾರಿಗೆ ತೊಂದರೆ ಎಂದು ಹಳಿ ದಾಟಿ ಹೋದೆ.

ಹತ್ತಿರ ನಿಂತಾಗ ಎದೆ ಝಲ್ಲೆಂದಿತು. ಟೇಬಲ್ಲಿನ ಮೇಲೆ ನನ್ನ ಬೆರಳಷ್ಟು ಇರದ ಗೋಡೆ ಇಲ್ಲಿ ನನ್ನ ತಲೆಯನ್ನು ಎಲ್ಲೋ ಕೆಳಗೆ ಬಿಟ್ಟು ಮೇಲಕ್ಕೆ ಹೋಗಿತ್ತು. ಶೇಡ್ ಕಾರ್ಡ್ ಹಿಡಿದೆ. ಒಂದು ಡಬ್ಬಿಗೆ ಒಂದು ಬಣ್ಣ ಹೊಂದಿತು, ಪಕ್ಕದ್ದಕ್ಕೆ ಹೊಂದಲಿಲ್ಲ. ಒಂದು ಕಲ್ಲಿದ್ದಲು ಕುಡಿದು ಕಪ್ಪಾಗಿತ್ತು, ಒಂದು ಅದಿರಿನ ದೂಳಿನಲ್ಲಿ ಕೆಂಪಾಗಿತ್ತು, ಒಂದಕ್ಕೆ ತೇಪೆ ಹಾಕಿದ ಕಡೆ ಹೊಸ ಬಣ್ಣ, ಉಳಿದ ಕಡೆ ತುಕ್ಕು. ಎಲ್ಲೆಲ್ಲಿ ದುಡಿದು ಬಂದಿದೆಯೋ ಅಲ್ಲಲ್ಲಿನ ಬಣ್ಣ. ಟೇಪು ತೆಗೆದು ಏಣಿಯ ಮೆಟ್ಟಿಲಿನ ಅಂತರ ಅಳೆಯುತ್ತಿದ್ದಾಗ ಬೆನ್ನ ಹಿಂದೆ ಖಾಕಿ ಕೆಮ್ಮಿತು.

"ಏನ್ ಮಾಡಾಕತ್ತೀರಿ ಹಿರಿಯರ?"

"ಬಣ್ಣ ಹೊಂದಿಸ್ತಾ ಇದ್ದೀನಿ."

"ಯಾಕ?"

ಸತ್ಯ ಹೇಳಿದರೆ ಬಿಡುತ್ತಾರೆ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. "ಇದರ ಎಂಬತ್ತೇಳರಲ್ಲಿ ಒಂದು ಪಾಲು ಮನೆಯಲ್ಲಿದೆ. ಅದಕ್ಕೆ" ಎಂದೆ.

ಕಾನ್‌ಸ್ಟೇಬಲ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಟೇಪು ನೋಡಿದ. ವ್ಯಾಗನ್ನು ನೋಡಿದ. ಜೇಬಿನಿಂದ ಪುಸ್ತಕ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, ಬಹಳ ಮೆತ್ತಗೆ ಕೇಳಿದ: "ಉಳಿದ ಎಂಬತ್ತಾರು ಪಾಲು ಯಾರ್ಯಾರ ಮನ್ಯಾಗ ಅದಾವು?"

ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ರೈಲ್ವೆ ಜಾಗಕ್ಕೆ ಕಾಲಿಟ್ಟವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಆತ ನಿಧಾನವಾಗಿ ವಿವರಿಸುತ್ತಿದ್ದಾಗ ನನ್ನ ಕಣ್ಣ ಮುಂದೆ ಜೈಲಿನ ಕಂಬಿ ಬರಲಿಲ್ಲ, ಹೆಂಡತಿಯ ಮುಖ ಬಂತು. ಅವಳ ಸೋದರಮಾವ ಹುಬ್ಬಳ್ಳಿಯಲ್ಲಿ ಟಿಎಕ್ಸ್‌ಆರ್ ಆಗಿ ನಿವೃತ್ತರಾದವರು. ಓಡುವ ಗಾಡಿಗಳ ನಾಡಿ ಹಿಡಿದು ನೋಡಿ, ಹೋಗಲಿ ಇಲ್ಲವೇ ನಿಲ್ಲಲಿ ಎಂದು ಹೇಳುವ ಕೆಲಸ. ಅವರಿಗೆ ಫೋನು ಮಾಡಿ ಕಾನ್‌ಸ್ಟೇಬಲ್ ಕೈಗೆ ಕೊಟ್ಟೆ. ಅತ್ತಲಿಂದ ಬಂದ ಮಾತು ನನಗೂ ಸ್ಪಷ್ಟವಾಗಿ ಕೇಳಿಸಿತು: "ನಮ್ಮ ಅಳಿಯಂದಿರ ಅದಾರ್ರಿ. ಕಳ್ಳ ಅಲ್ಲ. ರಿಪೇರಿಗಂತ ಸಿಕ್ ಲೈನಿಗೆ ಹಾಕೋ ಗಾಡಿ, ತಪ್ಪಿ ಮೇನ್ ಲೈನಿಗೆ ಬಂದೈತಿ. ಕಳಿಸಿಬಿಡ್ರಿ."

ಬಿಟ್ಟರು. ಇಷ್ಟಾದರೂ ಬುದ್ಧಿ ಬಂತೇ? ಬಸ್‌ಸ್ಟ್ಯಾಂಡಿಗೆ ನಡೆಯುವಾಗ ರಸ್ತೆಯಂಚಿನಲ್ಲಿ ಲಾರಿಗಳಿಂದ ಚೆಲ್ಲಿದ ಕೆಂಪು ಅದಿರಿನ ಪುಡಿ ಕಂಡಿತು. ಮದುವೆ ಮನೆಯವರು ಕೊಟ್ಟಿದ್ದ ಉಪ್ಪಿನಕಾಯಿ ಬಾಟಲಿಯನ್ನು ಖಾಲಿ ಮಾಡಿ ತುಂಬಿಕೊಂಡೆ. ಬಸ್ಸಿನಲ್ಲಿ ಮುಚ್ಚಳ ಸಡಿಲವಾಗಿ ಕಂಡಕ್ಟರ್ ಬೂಟಿನ ಮೇಲೆ ಸ್ವಲ್ಪ ಉದುರಿತು.

"ಏನ್ ಸಾರ್ ಇದು, ಕುಂಕುಮಾನಾ?"

"ಅಲ್ಲ, ಅದಿರು."

ಆ ಸೀಮೆಯ ಬಸ್ಸಿನಲ್ಲಿ ಜೋರಾಗಿ ಆಡುವ ಮಾತಲ್ಲ ಅದು. 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ್ದನ್ನು ಕಂಡ ಜನ. ಎಲ್ಲ ತಲೆಗಳೂ ತಿರುಗಿದವು. "ಪರ್ಮಿಟ್ ಐತಾ?" ಎಂದ ಕಂಡಕ್ಟರ್. ಹಿಂದಿನ ಸೀಟಿನ ಅಜ್ಜ ನನ್ನ ಪರವಾಗಿ ವಾದ ಹೂಡಿದ: "ಬಿಡಪ್ಪ, ದೊಡ್ಡೋರು ಹಡಗಿನಾಗ ಒಯ್ದ್ರು. ಪಾಪ, ಇವ್ರು ಉಪ್ಪಿನಕಾಯಿ ಬಾಟ್ಲ್ಯಾಗ ಒಯ್ಯಾಕತ್ತಾರ." ಗಣಿಧಣಿಗಳಲ್ಲೂ ನಾನು ಎಂಬತ್ತೇಳರಲ್ಲಿ ಒಂದು ಪಾಲಾದೆ.

ಕೊನೆಗೂ ವ್ಯಾಗನ್ನು ಸಿದ್ಧವಾಯಿತು. ಕಂದು ಬಣ್ಣ, ಮೇಲೆ ತುಕ್ಕು, ಬಿಳಿಯಲ್ಲಿ ನಂಬರು, ಗೋಡೆ ಮೀರಿ ಗೋಪುರದಷ್ಟೆತ್ತರ ಅಸಲಿ ಅದಿರು. ಅದೇ ವಾರ ಮಾವ ಬೆಂಗಳೂರಿಗೆ ಬಂದರು. ಕಾಫಿ ಕುಡಿದು, ಕನ್ನಡಕ ಒರೆಸಿ, "ಎಲ್ಲೈತಿ ನಿಮ್ಮ ಗಾಡಿ?" ಎಂದರು. ನೋಡಿದರು. ಎಪ್ಪತ್ತು ದಾಟಿದ ಮನುಷ್ಯ ಮೊಣಕಾಲೂರಿ, ಟೇಬಲ್ಲಿನ ಮಟ್ಟಕ್ಕೆ ಕಣ್ಣು ತಂದು, ಅಡಿಯಿಂದ ನೋಡಿದರು. ಚಮಚ ತೆಗೆದುಕೊಂಡು ಗಾಲಿಗೆ ತಟ್ಟಿ ಕಿವಿಗೊಟ್ಟರು. ನನಗೆ ಪರೀಕ್ಷೆಯ ಹಾಲಿನಲ್ಲಿ ಕೂತ ಭಯ.

"ನಂಬರ ಯಾರ ಬರದದ್ದು?"

"ನಾನೇ."

ನಾನು ಬರೆದದ್ದು 10 08 62 4175 6. ವ್ಯಾಗನ್ನಿಗೆ ಹನ್ನೊಂದು ಅಂಕಿ ಇರುತ್ತದೆ ಎಂದು ಫೋಟೋ ನೋಡಿ ತಿಳಿದಿದ್ದೆ. ಮೊದಲ ನಾಲ್ಕನ್ನು ಅದರಿಂದಲೇ ಎತ್ತಿದ್ದೆ. ಉಳಿದದ್ದು ಸ್ವಂತ ಕಲ್ಪನೆ.

"ಮೊದಲಿನೆರಡು ವ್ಯಾಗನ್ನಿನ ಜಾತಿ. ಆಮ್ಯಾಲಿನೆರಡು ಯಾವ ರೈಲ್ವೇದು ಅಂತ. ಬರೋಬ್ಬರಿ. ಮುಂದಿನೆರಡು ಹುಟ್ಟಿದ ಇಸ್ವಿ. 62?"

"ಅದು ನಾನು ಹುಟ್ಟಿದ ಇಸವಿ ಮಾವ."

"ಬಾಕ್ಸ್‌ಎನ್ ಬಂದದ್ದ ಎಂಬತ್ತರ ದಶಕದಾಗ. ನಿಮ್ದು ಹುಟ್ಟೂದಕ್ಕಿಂತ ಮೊದಲ ಇಪ್ಪತ್ತ ವರ್ಷ ದುಡದೈತಿ. ಇಲ್ಲಾಂದ್ರ 2062ರಾಗ ಹುಟ್ಟೂದೈತಿ. ಇರಲಿ. ಕೊನೀ ಅಂಕಿ 6 ಹೆಂಗ ಬಂತು?"

"ನನ್ನ ಅದೃಷ್ಟದ ಸಂಖ್ಯೆ."

ಮಾವ ಬೆರಳು ಮಡಚತೊಡಗಿದರು. ಕೊನೆಯ ಅಂಕಿ ಅದೃಷ್ಟದ್ದಲ್ಲ, ತಾಳೆಯದು. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದ ಅಂಕಿ ಕೂಡಿಸು: 16. ಮೂರರಿಂದ ಗುಣಿಸು: 48. ಉಳಿದ ಐದು ಅಂಕಿ ಕೂಡಿಸು: 18. ಎಲ್ಲ ಸೇರಿ 66. ಮುಂದಿನ ಹತ್ತರ ಗುಣಕಕ್ಕೆ, ಅಂದರೆ 70ಕ್ಕೆ, ಎಷ್ಟು ಬೇಕು? ನಾಲ್ಕು. "ಇಲ್ಲಿ 4 ಇರಬೇಕಿತ್ತು. ನಂಬರ ಬರಕೊಳ್ಳೂದ್ರಾಗ ಒಂದ ಅಂಕಿ ತಪ್ಪಿದ್ರೂ ಸಿಗಬೀಳಲಿ ಅಂತ ಮಾಡಿದ್ದು. ಬ್ಯಾಂಕಿನ್ಯಾಗ ಇದ್ರಂತ, ಗೊತ್ತಾಗಲಿಲ್ಲೇನು?" ಎಂದವರೇ ಜೋರಾಗಿ ಕೇಳಿದರು: "ನಡುವಿಂದ ನಾಕು ಎಲ್ಲೀದು? ನಾಕು, ಒಂದು, ಏಳು, ಐದು?"

ನಾನು ಉತ್ತರ ಕೊಡುವ ಮೊದಲೇ ಅಡುಗೆಮನೆಯಿಂದ ಹೆಂಡತಿ ಹೊರಬಂದಳು. "ಅಯ್ಯ, ಅದು ಇವರ ಎಟಿಎಂ ಪಿನ್ ಅಲ್ವಾ? ಕಳೆದ ಸಲ ಮರೆತು ಕಾರ್ಡ್ ಬ್ಲಾಕ್ ಮಾಡಿಕೊಂಡಿದ್ರಲ್ಲ!" ಪಿನ್ ಎಲ್ಲೂ ಬರೆದಿಡಬೇಡಿ ಎಂದು ಬದುಕಿಡೀ ಗಿರಾಕಿಗಳಿಗೆ ಪಾಠ ಹೇಳಿದ ಮನುಷ್ಯ ಅದನ್ನು ವ್ಯಾಗನ್ನಿನ ಎರಡೂ ಪಕ್ಕ ಬಿಳಿ ಬಣ್ಣದಲ್ಲಿ ಬರೆದಿದ್ದ, ಗೂಡ್ಸ್ ಗಾಡಿಯನ್ನು ಯಾರು ಓದುತ್ತಾರೆ ಎಂಬ ಧೈರ್ಯದಿಂದ.

ಮಾವನ ತನಿಖೆ ಹೊರೆಯ ಕಡೆ ತಿರುಗಿತು. ಅಡುಗೆಮನೆಯ ತಕ್ಕಡಿ ತರಿಸಿ ವ್ಯಾಗನ್ನನ್ನು ಅದರ ಮೇಲಿಟ್ಟರು. ಮುಳ್ಳು 250 ಗ್ರಾಂ ದಾಟಿ ನಿಂತಿತು. "ನಿಮ್ಮ ನೋಟ್‌ಬುಕ್ಕಿನ್ಯಾಗ 123 ಅಂತ ಎರಡ ಗೆರಿ ಎಳದೀರಿ" ಎಂದರು. ಎಳೆದಿದ್ದೆ. ಎಳೆದ ಮೇಲೆ ತೂಗಬೇಕೆಂದು ಹೊಳೆಯಲಿಲ್ಲ. "ಖರೇ ಗಾಡಿ ಆಗಿದ್ರ ಸ್ಪ್ರಿಂಗ ಕೂತು, ಅಚ್ಚು ಕಾದು, ಮುಂದಿನ ಸ್ಟೇಷನ್ ಕಾಣ್ತಿದ್ದಿಲ್ಲ. ಅಳಿಯಂದಿರ, ಕಲ್ಲಿದ್ದಲಿ ಹಗುರ, ಗ್ವಾಡಿ ಮಟ ಬರ್ತೈತಿ. ಅದಿರು ಭಾರ. ಅರ್ಧ ಡಬ್ಬಿನೂ ತುಂಬಂಗಿಲ್ಲ, ತೂಕ ಮುಗೀತೈತಿ. ಅದಿರು ತುಂಬಿದ ಬಾಕ್ಸ್‌ಎನ್ ಹೊರಗ ನಿಂತ ನೋಡಾವಂಗ ಖಾಲೀನ ಕಾಣಸ್ತೈತಿ."

ಆ ಸಣ್ಣ ಸ್ಟೇಷನ್ನಿನಲ್ಲಿ ನಾನು ಖಾಲಿ ಎಂದುಕೊಂಡು ತಡವಿದ ರೇಕು ಪೂರ್ತಿ ಹೊರೆ ಹೊತ್ತಿದ್ದೀತು ಎಂದು ಆಗ ಹೊಳೆಯಿತು. ಕಾನ್‌ಸ್ಟೇಬಲ್ ಪೆನ್ನು ತೆಗೆದದ್ದು ಸುಮ್ಮನಲ್ಲ. ನಾನು ಸ್ಕೇಲು ಹಿಡಿದು ವ್ಯಾಗನ್ನಿನ ಮೈ ಅಳೆದಿದ್ದೆ. ಅದರ ಕೆಲಸವನ್ನು ಅಳೆದಿರಲಿಲ್ಲ.

"ಹಂಗಾದರೆ ಇಷ್ಟೆತ್ತರದ ಗೋಡೆಯಿಂದ ಅದಿರು ಇಳಿಸುವುದು ಹೇಗೆ ಮಾವ?" ಎಂದು ವಿಷಯ ಬದಲಿಸಿದೆ. ಕೇಳಬಾರದಿತ್ತು.

"ಇಳಸೂದಿಲ್ಲ. ಉಕ್ಕಿನ ಕಾರ್ಖಾನ್ಯಾಗ, ಕರೆಂಟಿನ ಕಾರ್ಖಾನ್ಯಾಗ ಟಿಪ್ಲರ್ ಅಂತ ಇರತೈತಿ. ಅದರ ಮ್ಯಾಲ ಡಬ್ಬಿ ತಂದು ನಿಲ್ಲಿಸಿ, ಗಟ್ಟಿ ಹಿಡದು, ಹಳಿ ಸಮೇತ ಇಡೀ ಡಬ್ಬೀನ..." ಮಾವ ಅನುಭವದ ಕೈಯಿಂದ ನನ್ನ ವ್ಯಾಗನ್ನನ್ನು ಎತ್ತಿದರು. "ಹಿಂಗ ಬೋರಲ ಮಾಡ್ತಾರ!"

ಮಾಡಿಯೂ ತೋರಿಸಿದರು. ದಿವಾನಿನ ಮೇಲೆ ಅಂದೇ ಬೆಳಿಗ್ಗೆ ಹಾಸಿದ್ದ ಬಿಳಿ ಹಾಸು ಇತ್ತು. ಕೆಂಪು ದೂಳು ಕೆಳಗೂ ಹೋಯಿತು, ಫ್ಯಾನಿನ ಗಾಳಿಗೆ ಮೇಲೂ ಹೋಯಿತು. ಮಾವನ ಹುಬ್ಬು, ಗೋಡೆಯ ಕ್ಯಾಲೆಂಡರು, ತಟ್ಟೆಯಲ್ಲಿದ್ದ ಅವಲಕ್ಕಿ, ಎಲ್ಲದಕ್ಕೂ ನಾನು ಊರೂರು ಅಲೆದು ಹುಡುಕಿದ ಬಣ್ಣ ಬಂತು. ಖಾಲಿಯಾದ ವ್ಯಾಗನ್ನಿನೊಳಗೆ ಕಣ್ಣು ಹಾಕಿದ ಮಾವ ಗಂಭೀರವಾಗಿ ಓದಿದರು: "ಆಶೀರ್ವಾದವೇ ಉಡುಗೊರೆ."

ಹೆಂಡತಿ ಮಾತಾಡಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ. ನಾನು ಪಾಪಪರಿಹಾರಕ್ಕೆ ಫ್ರಿಡ್ಜಿನ ಬಾಗಿಲಿನ ಆಯಸ್ಕಾಂತಗಳನ್ನೆಲ್ಲ ಕಿತ್ತು ತಂದೆ. ಕಬ್ಬಿಣದ ಅದಿರಲ್ಲವೇ, ಒಂದೇ ಬೀಸಿಗೆ ಎದ್ದು ಬರುತ್ತದೆ ಎಂದು ಲೆಕ್ಕ. ಬಳ್ಳಾರಿ-ಹೊಸಪೇಟೆಯ ಅದಿರು ಹೆಮಟೈಟ್. ಇಂಥ ಸಣ್ಣ ಆಯಸ್ಕಾಂತಕ್ಕೆ ಕ್ಯಾರೇ ಎನ್ನುವುದಿಲ್ಲ. ಅಂಟುವುದು ಮ್ಯಾಗ್ನೆಟೈಟ್, ಅದು ಕುದುರೆಮುಖದಲ್ಲಿ ಇತ್ತು. ಅಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿದೆ. ನಡೆಯುತ್ತಿದ್ದಾಗಲೂ ಆ ಅದಿರು ನೀರಿನಲ್ಲಿ ಕಲಸಿಕೊಂಡು ಕೊಳವೆಯಲ್ಲಿ ಮಂಗಳೂರಿಗೆ ಹೋಗುತ್ತಿತ್ತೇ ಹೊರತು ವ್ಯಾಗನ್ ಏರಲಿಲ್ಲ. ಇಷ್ಟನ್ನೂ ನಾನು ಹಾಸಿನ ಮೇಲೆ ಆಯಸ್ಕಾಂತ ಉಜ್ಜುತ್ತ ಹೆಂಡತಿಗೆ ವಿವರಿಸಿದೆ. ದೂಳು ನೂಲಿನೊಳಕ್ಕೆ ಇನ್ನಷ್ಟು ಆಳವಾಗಿ ಇಳಿಯಿತು.

ಹೊರಡುವ ಮುನ್ನ ಮಾವ ಒಂದು ಚೀಟಿಯಲ್ಲಿ "ಸಿಕ್" ಎಂದು ಬರೆದು ವ್ಯಾಗನ್ನಿಗೆ ಅಂಟಿಸಿದರು. ದುರಸ್ತಿಯಾಗುವವರೆಗೆ ಓಡಿಸುವಂತಿಲ್ಲ. ಇನ್ನೊಂದು ಚೀಟಿ ಬರೆದು ನನ್ನ ಬೆನ್ನಿಗೂ ಅಂಟಿಸಿದ್ದರೆಂದು ಮರುದಿನ ಹಾಲಿನ ಅಂಗಡಿಯವನು ಹೇಳಿದ. ಡಿಮರೇಜು ವಸೂಲಾಯಿತು, ಪಿನ್ ತಿಳಿದಿದ್ದ ಕಾರಣ ಹೆಂಡತಿ ನನ್ನನ್ನು ಕೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಹೊಸ ಹಾಸು ಬಂತು, ಅದರ ಜೊತೆಗೆ ಹೊಸ ಸೀರೆಯೂ ಬಂತು. ಅದಿರಿಗೂ ಸೀರೆಗೂ ಏನು ಸಂಬಂಧ ಎಂದು ಕೇಳುವಷ್ಟು ಧೈರ್ಯ ನನಗಿಲ್ಲ.

ಈಗ ವ್ಯಾಗನ್ನು ಮೊಮ್ಮಗನ ವಶದಲ್ಲಿದೆ. ಕೊನೆಯ ಅಂಕಿ ತಿದ್ದಿದ್ದೇನೆ, ಪಿನ್ನನ್ನೂ ಬದಲಿಸಿದ್ದೇನೆ. ಅಡುಗೆಮನೆಯ ಬಾಗಿಲಿನಿಂದ ದಿವಾನಿನವರೆಗೆ ಹುರಿಗಡಲೆ ಸಾಗಣೆ ನಡೆಯುತ್ತದೆ. ಆಯ್ಕೆ ಹೆಂಡತಿಯದು, ಲೆಕ್ಕ ನನ್ನದು: ನಮ್ಮ ವ್ಯಾಗನ್ನು ಹೊರಬಹುದಾದದ್ದು 89 ಗ್ರಾಂ, ಹುರಿಗಡಲೆಯನ್ನು ಗೋಡೆ ಮಟ್ಟಕ್ಕೆ ತುಂಬಿದರೂ ಅಷ್ಟು ತೂಗುವುದಿಲ್ಲ. ಮಾವ ಫೋನಿನಲ್ಲೇ ಒಪ್ಪಿಗೆ ಕೊಟ್ಟು ಸಿಕ್ ಚೀಟಿ ತೆಗೆಸಿದರು. ಒಂದೇ ದೂರು. ಅಡುಗೆಮನೆಯಲ್ಲಿ ತೂಗಿ ಕಳಿಸಿದ ಸರಕು ದಿವಾನು ಮುಟ್ಟುವಾಗ ಯಾವಾಗಲೂ ಕಡಿಮೆ. ನಿನ್ನೆ ಹೆಂಡತಿ ವಿಚಾರಣೆಗೆ ಕೂತಳು. ಹೊಸಪೇಟೆಯ ಕಥೆಯನ್ನು ಅಜ್ಜಿಯ ಬಾಯಿಂದ ಎಷ್ಟೋ ಸಲ ಕೇಳಿರುವ ಮೊಮ್ಮಗ ಬಾಯೊಳಗಿನ ಕಡಲೆ ನುಂಗಿ, ನೇರವಾಗಿ ನನ್ನ ಕಡೆ ಬೆರಳು ತೋರಿಸಿ ಸಾಕ್ಷಿ ನುಡಿದ:

"ನಾನು ತಿಂದಿದ್ದು ಒಂದೇ ಪಾಲು ಅಜ್ಜಿ. ಉಳಿದ ಎಂಬತ್ತಾರೂ ತಾತ."